ಹಲ್ಲು ತಿಕ್ಕಿದರೂ ಕಲೆ ಯಾಕೆ ಹೋಗುವುದಿಲ್ಲ?



"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂಬ ಗಾದೆ ನಿಮಗೆಲ್ಲ ಗೊತ್ತೇ ಇದೆ. ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗದ ಎರೆ ಹೊಲದಾಗ ಹಿಂಗಾರಿಗೆ ಕಡ್ಲಿ ಬೆಳೆಯುತ್ತಾರೆ. ಆದ್ದರಿಂದ ನಮಗೆ ಕಡಲೆಗೆ ಕೊರತೆ ಇಲ್ಲ. ಹಲ್ಲು ಕಾಯ್ದುಕೊಳ್ಳುವುದಷ್ಟೇ ನಮ್ಮ ಕೆಲಸ. ಅದಕ್ಕೇ ಈ ತಿಂಗಳು ಹಲ್ಲಿನ ಬಗ್ಗೆ ಬರೆಯುತ್ತಿದ್ದೇನೆ.

ಇದನ್ನು ಬರೆಯಲು ಒಂದು ಕಾರಣವಿದೆ. ಪ್ರತಿಭಾ ಕಾರಂಜಿಯಲ್ಲಿ ನಾನು ಭಾಷಣ ಮಾಡಿದೆ. ಮುಗಿದ ಮೇಲೆ ಬಂದಿದ್ದ ಹಿರಿಯರೊಬ್ಬರು, "ಭಾಷಣ ಚಲೋ ಮಾಡಿದಿ, ಆದ್ರ ಹಲ್ಲು ತಿಕ್ಕೊಂಡು ಬರಬೇಕವಾ" ಅಂದರು. ಸುತ್ತ ನಿಂತವರು ನಕ್ಕರು. ನಾನು ದಿನಾ ಹಲ್ಲು ತಿಕ್ಕುತ್ತೇನೆ. ಆದರೆ ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಗೆರೆಗಳಿವೆ. ಅಂದು ಮನೆಗೆ ಬಂದು ಇಟ್ಟಂಗಿ ಚೂರು ಕುಟ್ಟಿ, ಆ ಪುಡಿ ಹಚ್ಚಿ ಜೋರಾಗಿ ತಿಕ್ಕಿದೆ. ಒಸಡಿನಿಂದ ರಕ್ತ ಬಂತು. ಕಲೆ ಮಾತ್ರ ಹೋಗಲಿಲ್ಲ.

ಮರುದಿನ ವಿಜ್ಞಾನದ ಅಕ್ಕೋರಿಗೆ ಕೇಳಿದೆ. ಅವರು, "ಆ ಕಲೆ ತಿಕ್ಕಿದರ ಹೋಗಂಗಿಲ್ಲ. ಅದು ನೀರಿಂದು. ಅದರ ಬಗ್ಗೆ ಓದಿ ಗೋಡೆ ಪತ್ರಿಕೆಗೆ ಬರಿ, ನಿನ್ನಂಗ ಇನ್ನೂ ಬಾಳ ಮಂದಿ ಅದಾರ" ಅಂದರು. ನಾನು ಓದಿ, ಕೇಳಿ, ನೋಡಿ ತಿಳಿದುಕೊಂಡದ್ದನ್ನು ಕೆಳಗೆ ಬರೆದಿದ್ದೇನೆ.

1. ಹಲ್ಲುಗಳ ಪರಿಚಯ

ಮನುಷ್ಯನಿಗೆ ಎರಡು ಸಲ ಹಲ್ಲು ಬರುತ್ತವೆ. ಮೊದಲು ಬರುವವು ಹಾಲು ಹಲ್ಲುಗಳು. ಇವು 20. ಕೂಸಿಗೆ ಸುಮಾರು 6 ತಿಂಗಳಾದಾಗ ಶುರುವಾಗಿ ಎರಡೂವರೆ, ಮೂರು ವರ್ಷದೊಳಗೆ ಎಲ್ಲವೂ ಬರುತ್ತವೆ. 6 ವರ್ಷದಿಂದ 12 ವರ್ಷದವರೆಗೆ ಒಂದೊಂದಾಗಿ ಬೀಳುತ್ತವೆ. ಅವುಗಳ ಜಾಗದಲ್ಲಿ ಶಾಶ್ವತ ಹಲ್ಲು ಬರುತ್ತವೆ. ಶಾಶ್ವತ ಹಲ್ಲುಗಳು ಒಟ್ಟು 32. ಅವು ಹೀಗಿವೆ:

ಬಾಚಿ ಹಲ್ಲು – 8 (ಕಚ್ಚಲು)
ಕೋರೆ ಹಲ್ಲು – 4 (ಹರಿಯಲು)
ಮುಂದವಡೆ ಹಲ್ಲು – 8 (ಜಗಿಯಲು)
ದವಡೆ ಹಲ್ಲು – 12 (ನುಣ್ಣಗೆ ಅರೆಯಲು)

ಏಳನೇ ತರಗತಿಯವರಾದ ನಮಗೆ ಈಗ ಹೆಚ್ಚೆಂದರೆ 28 ಇರುತ್ತವೆ. ಉಳಿದ 4 ಬುದ್ಧಿ ಹಲ್ಲುಗಳು 17 ವರ್ಷದ ನಂತರ ಬರುತ್ತವೆ. ಕೆಲವರಿಗೆ ಬರುವುದೇ ಇಲ್ಲ. ಅದರಿಂದ ಅವರಿಗೆ ಬುದ್ಧಿ ಕಡಿಮೆ ಅಂತ ತಿಳಿಯಬಾರದು.

ಒಂದು ಮಾತು ಬಾಳ ಮಂದಿಗೆ ಗೊತ್ತಿಲ್ಲ. ಸುಮಾರು 6 ವರ್ಷಕ್ಕೆ ಎಲ್ಲ ಹಾಲು ಹಲ್ಲುಗಳ ಹಿಂದೆ ಮೊದಲನೇ ದವಡೆ ಹಲ್ಲು ಬರುತ್ತದೆ. ಅದು ಯಾವ ಹಲ್ಲೂ ಬೀಳದೆ ತಾನಾಗಿಯೇ ಬರುವುದರಿಂದ ಮನೆಯವರು ಅದನ್ನೂ ಹಾಲು ಹಲ್ಲು ಅಂತ ತಿಳಿಯುತ್ತಾರೆ. ಹುಳುಕು ಬಿದ್ದರೆ "ಬೀಳೋ ಹಲ್ಲು, ಬಿಡು" ಅನ್ನುತ್ತಾರೆ. ಆದರೆ ಅದು ಶಾಶ್ವತ ಹಲ್ಲು. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಹಲ್ಲಿನ ಹೊರಪದರಕ್ಕೆ ಎನಾಮಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಇದೇ, ಎಲುಬಿಗಿಂತಲೂ ಗಟ್ಟಿ. ಅದರ ಒಳಗೆ ಡೆಂಟೈನ್ ಎಂಬ ಪದರ ಇದೆ. ಎಲ್ಲಕ್ಕಿಂತ ಒಳಗೆ ರಕ್ತನಾಳ, ನರಗಳಿರುವ ಮೆತ್ತನೆಯ ತಿರುಳು ಇದೆ. ಎನಾಮಲ್‌ಗೆ ನೋವು ಗೊತ್ತಾಗುವುದಿಲ್ಲ. ಹಲ್ಲು ನೋಯಲು ಶುರುವಾಯಿತು ಎಂದರೆ ಹೆಚ್ಚಾಗಿ ಹುಳುಕು ಆಗಲೇ ಒಳಗೆ ಹೋಗಿರುತ್ತದೆ.

2. ಕಂದು ಕಲೆ ಎಲ್ಲಿಂದ ಬಂತು?

ಕಂದು ಕಲೆಗೆ ಕಾರಣ ಫ್ಲೋರೈಡ್. ಇದು ಕೆಲವು ಜಾತಿಯ ಕಲ್ಲುಗಳಲ್ಲಿ ಇರುತ್ತದೆ. ಭೂಮಿಯೊಳಗಿನ ನೀರು ಆ ಕಲ್ಲುಗಳ ಸಂದಿಯಲ್ಲಿ ಬಹಳ ಕಾಲ ನಿಂತಾಗ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಆಳವಾದ ಬೋರಿನ ನೀರಿನಲ್ಲಿ ಇದು ಹೆಚ್ಚಾಗಿರಬಹುದು. ಮಳೆ ನೀರಿನಲ್ಲಿ ಬಹುತೇಕ ಇರುವುದಿಲ್ಲ. ಕೆರೆ, ನದಿ ನೀರಿನಲ್ಲಿ ಸಾಮಾನ್ಯವಾಗಿ ಕಡಿಮೆ. ನಮ್ಮ ಗದಗ ಜಿಲ್ಲೆ ಕರ್ನಾಟಕದಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಜಿಲ್ಲೆಗಳಲ್ಲಿ ಒಂದು.

ನಮ್ಮ ದೇಶದ ಮಾನದಂಡದ ಪ್ರಕಾರ 1 ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರು ಇಲ್ಲವೇ ಇಲ್ಲ ಎಂದಾಗ ಮಾತ್ರ 1.5 ಮಿಲಿಗ್ರಾಂವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 1.5 ದಾಟಬಾರದು ಎನ್ನುತ್ತದೆ.

ಫ್ಲೋರೈಡ್ ಸ್ವಲ್ಪ ಇದ್ದರೆ ಹಲ್ಲಿಗೆ ಒಳ್ಳೆಯದೇ, ಎನಾಮಲ್ ಗಟ್ಟಿಯಾಗುತ್ತದೆ. ಹೆಚ್ಚಾದರೆ ಕೆಟ್ಟದ್ದು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಹಾಗೆ. ಕೂಸು ಹುಟ್ಟಿದಾಗಿನಿಂದ ಸುಮಾರು 8 ವರ್ಷದವರೆಗೆ ಶಾಶ್ವತ ಹಲ್ಲುಗಳು ಒಸಡಿನ ಒಳಗೆ ತಯಾರಾಗುತ್ತಿರುತ್ತವೆ. ಆ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮಲ್ ಸರಿಯಾಗಿ ಆಗುವುದಿಲ್ಲ. ಮೊದಲು ಸುಣ್ಣದಂಥ ಬಿಳಿ ಗೆರೆ, ಬಿಳಿ ಚುಕ್ಕೆ ಕಾಣುತ್ತವೆ. ಹೆಚ್ಚಾದರೆ ಹಳದಿ, ಕಂದು ಆಗುತ್ತವೆ. ಇನ್ನೂ ಹೆಚ್ಚಾದರೆ ಸಣ್ಣ ಸಣ್ಣ ಕುಳಿ ಬಿದ್ದು ಎನಾಮಲ್ ಚಕ್ಕೆ ಏಳುತ್ತದೆ. ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಇಂಥ ನೀರನ್ನು ಬಹಳ ವರ್ಷ ಕುಡಿದರೆ ದೊಡ್ಡವರಿಗೂ ಎಲುಬು, ಕೀಲು ಬಿಗಿಯುತ್ತವೆ.

ಇನ್ನೊಂದು ಮಾತು. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ನಮ್ಮ ಕಡೆ ಸವಳು ನೀರು ಕೆಟ್ಟದ್ದು, ಸಿಹಿ ನೀರು ಒಳ್ಳೆಯದು ಎನ್ನುತ್ತಾರೆ. ಆದರೆ ಬಾಯಿಗೆ ಸಿಹಿ ಹತ್ತಿದ ಬೋರಿನ ನೀರಿನಲ್ಲೂ ಫ್ಲೋರೈಡ್ ಇರಬಹುದು. ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

3. ದೂರದ ಊರಿನಲ್ಲೂ ಇದೇ ಕತೆ

ಈ ಕಲೆ ನಮ್ಮ ಭಾಗದವರಿಗೆ ಮಾತ್ರ ಇದೆ ಎಂದು ನಾನು ತಿಳಿದಿದ್ದೆ. ಆದರೆ ಹಾಗಲ್ಲ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹಲ್ಲಿನ ಡಾಕ್ಟರು ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದ ಬಹಳ ಜನರ ಹಲ್ಲು ಕಂದು ಬಣ್ಣ ಇದ್ದವು. ಬೇರೆ ಕಡೆಯಿಂದ ದೊಡ್ಡವರಾಗಿ ಬಂದು ನೆಲೆಸಿದವರಿಗೆ ಇರಲಿಲ್ಲ. ಯಾಕೆ ಹೀಗೆ ಎಂದು ಅವರು ವರ್ಷಾನುಗಟ್ಟಲೆ ಹುಡುಕಿದರು. ನೀರಿನ ಮೇಲೆ ಅವರಿಗೆ ಅನುಮಾನವಿತ್ತು, ಆದರೆ ನೀರಿನಲ್ಲಿ ಏನಿದೆ ಎಂದು ಗೊತ್ತಾಗಲಿಲ್ಲ. ಕೊನೆಗೆ 1931ರಲ್ಲಿ ಎಚ್. ವಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಅಂಥ ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದನ್ನು ಕಂಡುಹಿಡಿದರು. ಕಾರಣ ತಿಳಿಯಲು 30 ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗ ಇದೆ ಎಂದು ವೈದ್ಯರು ಬರೆದರು. ಅಂದರೆ ಇದು ತಿಳಿದು ಬಹಳ ವರ್ಷಗಳಾದವು. ಆದರೂ ನಮ್ಮನ್ನು ನೋಡಿ "ಹಲ್ಲು ತಿಕ್ಕಂಗಿಲ್ಲೇನು?" ಎಂದು ಕೇಳುವುದು ನಿಂತಿಲ್ಲ.

4. ನೀರಿನ ಕಲೆಯೋ, ಕೊಳೆಯೋ? ಗುರುತಿಸುವ ಬಗೆ

ನನ್ನ ಹಲ್ಲಿನ ಸಲುವಾಗಿ ಅಪ್ಪ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಮ್ಮ ಆಯಿಗೂ ಹಲ್ಲು ಅಲುಗಾಡುತ್ತಿದ್ದವು, ಅವರೂ ಬಂದರು. ಆಯಿಯ ಹಲ್ಲು ಕರ್ರಗೆ ಇದ್ದವು. ಅವರು ಸಣ್ಣವರಿದ್ದಾಗಿನಿಂದ ಮಿಶ್ರಿ ತಿಕ್ಕುತ್ತಾರೆ. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ.

ಡಾಕ್ಟರು ಆಯಿಯ ಹಲ್ಲನ್ನು ಮಷೀನಿನಿಂದ ಸ್ವಚ್ಛ ಮಾಡಿದರು. ಕರಿ ಕಿಟ್ಟ ಎಲ್ಲ ಉದುರಿತು. ಒಳಗೆ ನೋಡಿದರೆ ಹಲ್ಲು ಬೆಳ್ಳಗೆ ಇದ್ದವು, ಒಂದು ಗೆರೆಯೂ ಇರಲಿಲ್ಲ! ಡಾಕ್ಟರು, "ಅಮ್ಮಾರ, ಸಣ್ಣವರಿದ್ದಾಗ ಯಾವ ನೀರು ಕುಡಿತಿದ್ರಿ?" ಎಂದು ಕೇಳಿದರು. ಆಯಿ, "ಕೆರಿ ನೀರರೀ. ಆಗ ಬೋರ್ ಎಲ್ಲಿದ್ದೂವು" ಅಂದರು. ಆದರೆ ಆಯಿಯ ಒಸಡು ಸವೆದು ಹೋಗಿತ್ತು. ಮುಂದಿನ ಎರಡು ಹಲ್ಲು ತೆಗೆಯಬೇಕಾಯಿತು.

ನನ್ನ ಹಲ್ಲನ್ನೂ ನೋಡಿದರು. "ನಿನ್ನ ಕಲೆ ಹಲ್ಲಿನ ಒಳಗ ಐತಿ, ತಿಕ್ಕಿ ತೆಗಿಯಾಕ ಬರಂಗಿಲ್ಲ. ಆದ್ರ ನಿನ್ನ ಹಲ್ಲು ಗಟ್ಟಿ ಅದಾವ. ದೊಡ್ಡಾಕಿ ಆದ ಮ್ಯಾಲೆ ಬೇಕಂದ್ರ ಮ್ಯಾಲೆ ಹಲ್ಲಿನ ಬಣ್ಣದ ಪದರು ಹಚ್ಚಬಹುದು. ಇಟ್ಟಂಗಿ ಪುಡಿ ಮಾತ್ರ ಮುಟ್ಟಬ್ಯಾಡ" ಅಂದರು.

ಆಯಿಯ ಕಲೆ ಹೋಯಿತು, ಹಲ್ಲು ಉಳಿಯಲಿಲ್ಲ. ನನ್ನ ಕಲೆ ಹೋಗಲಿಲ್ಲ, ಹಲ್ಲು ಗಟ್ಟಿ ಇವೆ. ಅಂದರೆ ಹಲ್ಲಿನ ಬಣ್ಣವೇ ಬೇರೆ, ಹಲ್ಲಿನ ಆರೋಗ್ಯವೇ ಬೇರೆ ಎಂದು ನನಗೆ ಅಂದು ತಿಳಿಯಿತು.

ಗುರುತಿಸುವುದು ಹೇಗೆ?

(ಅ) ನೀರಿನ ಕಲೆ: ಹಲ್ಲಿನ ಮೇಲೆ ಅಡ್ಡಗೆರೆಯಾಗಿ ಅಥವಾ ಮಚ್ಚೆಯಾಗಿ ಇರುತ್ತದೆ. ಎಡಗಡೆ ಹಲ್ಲಿಗೆ ಇದ್ದಂತೆ ಬಲಗಡೆ ಜೋಡಿ ಹಲ್ಲಿಗೂ ಇರುತ್ತದೆ. ಒಸಡಿನ ಅಂಚಿಗೆ ಅಂಟಿಕೊಂಡಿರುವುದಿಲ್ಲ. ಉಗುರಿನಿಂದ ಕೆರೆದರೆ ಬರುವುದಿಲ್ಲ.

(ಆ) ಕೊಳೆ ಮತ್ತು ಕಿಟ್ಟ: ಒಸಡಿನ ಅಂಚಿನಲ್ಲಿ, ಹಲ್ಲಿನ ಸಂದಿಯಲ್ಲಿ ಇರುತ್ತದೆ. ಕೊಳೆ ಮೆತ್ತಗೆ ಬೆಳ್ಳಗೆ ಇದ್ದು ಉಗುರಿಗೆ ಬರುತ್ತದೆ. ಕಿಟ್ಟ ಹಳದಿ ಇಲ್ಲವೆ ಕರಿ ಬಣ್ಣದ್ದು, ಗಾರೆಯಂತೆ ಗಟ್ಟಿ ಇರುತ್ತದೆ. ಅದನ್ನು ಡಾಕ್ಟರೇ ತೆಗೆಯಬೇಕು.

(ಇ) ಹುಳುಕು: ಮೊದಲು ಒಂದು ಮಬ್ಬು ಬಿಳಿ ಚುಕ್ಕೆ, ಆಮೇಲೆ ಕಂದು ಅಥವಾ ಕಪ್ಪು ಚುಕ್ಕೆ, ಆಮೇಲೆ ತೂತು. ಹೆಚ್ಚಾಗಿ ದವಡೆ ಹಲ್ಲಿನ ಗುಂಡಿಯಲ್ಲಿ ಮತ್ತು ಎರಡು ಹಲ್ಲುಗಳ ನಡುವೆ ಆಗುತ್ತದೆ.

5. ಹಲ್ಲಿನಲ್ಲಿ ಹುಳ ಇದೆಯೇ?

ಹಲ್ಲು ಹುಳುಕಾದರೆ "ಹುಳ ತಿಂದೈತಿ" ಎನ್ನುತ್ತಾರೆ. ಹೊಗೆ ಹಾಕಿ ಹುಳ ತೆಗೆದು ತೋರಿಸುವವರೂ ಇದ್ದಾರೆ. ಆದರೆ ಹಲ್ಲಿನಲ್ಲಿ ಯಾವ ಹುಳವೂ ಇರುವುದಿಲ್ಲ. ಹಾಗೆ ತೋರಿಸುವುದು ಕೈಚಳಕ. ಹುಳುಕಿಗೆ ಕಾರಣ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಅವುಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್.

ನಾವು ಸಕ್ಕರೆ, ಪೆಪ್ಪರಮೆಂಟ್, ಬಿಸ್ಕೀಟು ತಿಂದಾಗ ಹಲ್ಲಿಗೆ ಅಂಟಿದ್ದನ್ನು ಈ ಬ್ಯಾಕ್ಟೀರಿಯಾಗಳೂ ತಿನ್ನುತ್ತವೆ. ತಿಂದು ಆಮ್ಲವನ್ನು ಬಿಡುತ್ತವೆ. ಆಮ್ಲ ಎನಾಮಲನ್ನು ಕರಗಿಸುತ್ತದೆ. ನಮ್ಮ ಜೊಲ್ಲು ಆ ಆಮ್ಲವನ್ನು ತೊಳೆದು ಸರಿಮಾಡುತ್ತದೆ. ಆದರೆ ಅದಕ್ಕೆ ಅರ್ಧ ತಾಸಾದರೂ ಬೇಕು. ಅಷ್ಟರೊಳಗೆ ಮತ್ತೊಂದು ಪೆಪ್ಪರಮೆಂಟ್ ಬಾಯಿಗೆ ಹಾಕಿದರೆ ಜೊಲ್ಲಿಗೆ ಸಮಯವೇ ಸಿಗುವುದಿಲ್ಲ. ಅದಕ್ಕೇ ಎಷ್ಟು ಸಿಹಿ ತಿಂದೆವು ಎನ್ನುವುದರ ಜೊತೆಗೆ ದಿನಕ್ಕೆ ಎಷ್ಟು ಸಲ ತಿಂದೆವು ಎನ್ನುವುದೂ ಮುಖ್ಯ. ಊಟದ ಜೊತೆ ಒಂದು ಶೇಂಗಾ ಉಂಡಿ ತಿಂದರೆ ಅಷ್ಟು ತೊಂದರೆಯಿಲ್ಲ. ಹೊತ್ತು ಮುಳುಗುವವರೆಗೆ ಕಿಸೆಯಿಂದ ಒಂದೊಂದೇ ತೆಗೆದು ಚೀಪುವುದು ಕೆಟ್ಟದ್ದು.

ಒಂದು ಪ್ರಯೋಗ ಮಾಡಿ ನೋಡಿ. ನಾವು ತರಗತಿಯಲ್ಲಿ ಮಾಡಿದ್ದೇವೆ. ಬೇಕಾಗುವ ಸಾಮಾನು: ಮೊಟ್ಟೆಯ ಚಿಪ್ಪು, ಎರಡು ಲೋಟ, ನೀರು, ಲಿಂಬಿ ಹಣ್ಣಿನ ರಸ. ಮಾಡುವ ವಿಧಾನ: ಒಂದು ಲೋಟದಲ್ಲಿ ನೀರು, ಇನ್ನೊಂದರಲ್ಲಿ ಲಿಂಬಿ ರಸ ಹಾಕಿ ಚಿಪ್ಪಿನ ಚೂರು ಮುಳುಗಿಸಿ. ಲಿಂಬಿ ರಸದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮರುದಿನ ತೆಗೆದು ಒತ್ತಿ ನೋಡಿ. ನೀರಿನ ಚಿಪ್ಪು ಗಟ್ಟಿ ಇರುತ್ತದೆ, ಲಿಂಬಿ ರಸದ್ದು ತೆಳ್ಳಗಾಗಿರುತ್ತದೆ. ಚಿಪ್ಪು ಮತ್ತು ಎನಾಮಲ್ ಒಂದೇ ವಸ್ತುವಲ್ಲ, ಆದರೆ ಎರಡರಲ್ಲೂ ಕ್ಯಾಲ್ಸಿಯಂ ಇದೆ, ಎರಡೂ ಆಮ್ಲಕ್ಕೆ ಕರಗುತ್ತವೆ. ನಮ್ಮ ಬಾಯಿಯಲ್ಲಿ ಇದು ನಿಧಾನವಾಗಿ ನಡೆಯುತ್ತದೆ, ಅದಕ್ಕೆ ನಮಗೆ ಗೊತ್ತಾಗುವುದಿಲ್ಲ.

ನೀರಿನ ಕಲೆ ಇದ್ದವರು "ಹೆಂಗಿದ್ರೂ ಕಲೆ ಹೋಗಂಗಿಲ್ಲ, ತಿಕ್ಕಿ ಏನು ಮಾಡೋದು?" ಎಂದು ಸುಮ್ಮನಾಗಬಾರದು. ಎನಾಮಲ್ ಕುಳಿ ಬಿದ್ದಲ್ಲಿ ಕೊಳೆ ಬೇಗ ಕೂಡುತ್ತದೆ. ನಾವು ಇನ್ನೂ ಹೆಚ್ಚು ಜಾಗ್ರತೆ ಮಾಡಬೇಕು. ಕಲೆ ಇಲ್ಲದವರೂ "ನಮ್ಮ ಹಲ್ಲು ಬೆಳ್ಳಗದಾವ" ಎಂದು ನಿಶ್ಚಿಂತರಾಗಬಾರದು. ಬೆಳ್ಳಗಿನ ಹಲ್ಲಿಗೂ ಹಿಂದುಗಡೆ ಹುಳುಕು ಇರುತ್ತದೆ.

6. ಒಸಡಿನಿಂದ ರಕ್ತ ಬರುವುದು

ಹಲ್ಲು ಗಟ್ಟಿಯಾಗಿ ನಿಲ್ಲುವುದು ಒಸಡು ಮತ್ತು ದವಡೆ ಎಲುಬಿನ ಆಧಾರದಿಂದ. ಗಿಡಕ್ಕೆ ಮಣ್ಣು ಇದ್ದಂತೆ. ಒಸಡಿನ ಅಂಚಿನಲ್ಲಿ ಕೊಳೆ ಉಳಿದರೆ ಒಸಡು ಕೆಂಪಾಗಿ ಊದಿಕೊಳ್ಳುತ್ತದೆ. ತಿಕ್ಕಿದಾಗ ರಕ್ತ ಬರುತ್ತದೆ, ಬಾಯಿ ವಾಸನೆ ಬರುತ್ತದೆ. ರಕ್ತ ನೋಡಿ ಹೆದರಿ ಕೆಲವರು ತಿಕ್ಕುವುದನ್ನೇ ಬಿಡುತ್ತಾರೆ. ಅದರಿಂದ ಕೊಳೆ ಇನ್ನೂ ಹೆಚ್ಚಾಗುತ್ತದೆ. ಮೆತ್ತನೆಯ ಬ್ರಷ್‌ನಿಂದ ಹಗುರಕ್ಕೆ ತಿಕ್ಕುತ್ತಲೇ ಇರಬೇಕು. ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕು. ಹೀಗೆ ಮಾಡಿದರೆ ಶುರುವಿನ ಒಸಡಿನ ಊತ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಹಾಗೇ ಬಿಟ್ಟರೆ ಕೊಳೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಒಸಡು ಹಲ್ಲನ್ನು ಬಿಟ್ಟು ಕೆಳಗೆ ಸರಿಯುತ್ತದೆ, ಒಳಗಿನ ಎಲುಬು ಸವೆಯುತ್ತದೆ, ಹಲ್ಲು ಅಲುಗಾಡುತ್ತದೆ. ಸವೆದ ಎಲುಬು ಮೊದಲಿನಂತೆ ಬೆಳೆಯುವುದಿಲ್ಲ. ನಮ್ಮ ಆಯಿಗೆ ಆದದ್ದು ಇದೇ. ಮಿಶ್ರಿ, ಗುಟಕಾ, ಎಲೆ ಅಡಿಕೆಯ ಜೊತೆ ತಂಬಾಕು ಹಾಕಿಕೊಳ್ಳುವವರಿಗೆ ಇದು ಬೇಗ ಆಗುತ್ತದೆ. ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಕೂಡ ಬರುತ್ತದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟಕಾ ನಿಷೇಧಿಸಿದೆ. ಸಕ್ಕರೆ ಕಾಯಿಲೆ ಇದ್ದ ಹಿರಿಯರಿಗೂ ಒಸಡಿನ ರೋಗ ಬೇಗ ಬರುತ್ತದೆ.

7. ಹಲ್ಲು ತಿಕ್ಕುವ ಸರಿಯಾದ ಕ್ರಮ

(1) ದಿನಕ್ಕೆ ಎರಡು ಸಲ ತಿಕ್ಕಬೇಕು. ಮುಂಜಾನೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ. ರಾತ್ರಿ ಜೊಲ್ಲು ಕಡಿಮೆ ಬರುವುದರಿಂದ ರಾತ್ರಿಯದು ಹೆಚ್ಚು ಮುಖ್ಯ. ನಮ್ಮಲ್ಲಿ ಹೆಚ್ಚಿನವರು ಬಿಡುವುದು ಅದನ್ನೇ.

(2) ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ಟಿ.ವಿ. ಜಾಹೀರಾತಿನಂತೆ ಬ್ರಷ್ ತುಂಬ ಹಾಕುವುದು ಬೇಕಿಲ್ಲ. ಮೂರು ವರ್ಷದೊಳಗಿನ ಕೂಸುಗಳಿಗೆ ಅಕ್ಕಿ ಕಾಳಿನಷ್ಟು ಮಾತ್ರ. ಹೆಚ್ಚಿನ ಪೇಸ್ಟಿನಲ್ಲಿ ಫ್ಲೋರೈಡ್ ಇರುತ್ತದೆ. ಅದು ಹಲ್ಲಿನ ಮೇಲೆ ಇರಬೇಕು, ಹೊಟ್ಟೆಗೆ ಹೋಗಬಾರದು. ಆದ್ದರಿಂದ ನುಂಗಬಾರದು, ಉಗುಳಬೇಕು. ಸಣ್ಣವರು ತಿಕ್ಕುವಾಗ ದೊಡ್ಡವರು ಹತ್ತಿರ ನಿಲ್ಲಬೇಕು.

(3) ಬ್ರಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣಗೆ ಸುತ್ತು ತಿರುಗಿಸುತ್ತ ತಿಕ್ಕಬೇಕು. ಮೇಲಿನ ಹಲ್ಲನ್ನು ಮೇಲಿನಿಂದ ಕೆಳಗೆ, ಕೆಳಗಿನ ಹಲ್ಲನ್ನು ಕೆಳಗಿನಿಂದ ಮೇಲೆ ಎಳೆಯಬೇಕು. ಗರಗಸದಂತೆ ಅಡ್ಡಡ್ಡ ಜಗ್ಗಿದರೆ ಹಲ್ಲು ಸವೆಯುತ್ತದೆ.

(4) ಹೊರಗಡೆ, ಒಳಗಡೆ, ಜಗಿಯುವ ಮೇಲ್ಭಾಗ, ಮೂರೂ ಕಡೆ ತಿಕ್ಕಬೇಕು. ಎರಡು ನಿಮಿಷ ಬೇಕು. ಗಡಿಯಾರ ಇಲ್ಲದಿದ್ದರೆ ಮನಸ್ಸಿನಲ್ಲಿ ನಿಧಾನವಾಗಿ 120 ಎಣಿಸಿ.

(5) ಕೊನೆಗೆ ನಾಲಿಗೆಯನ್ನೂ ಹಗುರಕ್ಕೆ ಸ್ವಚ್ಛ ಮಾಡಬೇಕು.

(6) ಒಬ್ಬರ ಬ್ರಷ್ ಇನ್ನೊಬ್ಬರು ಉಪಯೋಗಿಸಬಾರದು. ಮೂರು ತಿಂಗಳಿಗೊಮ್ಮೆ, ಇಲ್ಲವೆ ಎಳೆಗಳು ಬಾಗಿದ ಕೂಡಲೇ ಬದಲಿಸಬೇಕು.

(7) ಹುಳಿ ತಿಂದ ಕೂಡಲೇ ತಿಕ್ಕಬಾರದು. ನೀರಿನಿಂದ ಮುಕ್ಕಳಿಸಿ ಅರ್ಧ ತಾಸು ಬಿಟ್ಟು ತಿಕ್ಕಬೇಕು.

ಬೇವಿನ ಕಡ್ಡಿ, ಜಾಲಿ ಕಡ್ಡಿ ಉಪಯೋಗಿಸಬಹುದೇ? ಬಳಸಬಹುದು. ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡು, ಒಸಡಿಗೆ ಚುಚ್ಚದಂತೆ ತಿಕ್ಕಬೇಕು. ಆದರೆ ಹಿಂದಿನ ದವಡೆ ಹಲ್ಲುಗಳಿಗೆ, ಹಲ್ಲಿನ ಒಳಗಡೆಗೆ ಕಡ್ಡಿ ಸರಿಯಾಗಿ ಮುಟ್ಟುವುದಿಲ್ಲ. ಅಲ್ಲಿಗೆ ಬ್ರಷ್ಷೇ ಚಲೋ.

ಇವುಗಳಿಂದ ತಿಕ್ಕಬಾರದು: ಇಟ್ಟಂಗಿ ಪುಡಿ, ಇದ್ದಿಲು, ಬೂದಿ, ಉಸುಕು, ಮಿಶ್ರಿ. ಇವು ಎನಾಮಲನ್ನು ಉಜ್ಜಿ ಸವೆಸುತ್ತವೆ ಅಥವಾ ಒಸಡನ್ನು ಕೆಡಿಸುತ್ತವೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ.

8. ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ತಂಪು ನೀರು ಕುಡಿದರೆ ಹಲ್ಲು ಜುಮ್ ಎಂದರೆ, ಕಪ್ಪು ಚುಕ್ಕೆ ಕಂಡರೆ, ರಾತ್ರಿ ನೋವಿನಿಂದ ಎಚ್ಚರವಾದರೆ ತಡ ಮಾಡಬಾರದು. ಸಣ್ಣ ಹುಳುಕಿದ್ದಾಗ ಸಿಮೆಂಟ್ ತುಂಬಿದರೆ ಹಲ್ಲು ಉಳಿಯುತ್ತದೆ. ಲವಂಗ ಇಟ್ಟುಕೊಂಡರೆ ನೋವು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ, ಹುಳುಕು ವಾಸಿಯಾಗುವುದಿಲ್ಲ. ಗಲ್ಲ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಾಯಿಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ದೊಡ್ಡವರು ತಪ್ಪದೆ ತೋರಿಸಬೇಕು.

ಕಬಡ್ಡಿ, ಚಿಣಿಪಣಿ ಆಡುವಾಗ ಪೆಟ್ಟು ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಿದ್ದರೆ ಅದನ್ನು ಎಸೆಯಬಾರದು. ಬೇರನ್ನು ಮುಟ್ಟದೆ ಮೇಲಿನ ಭಾಗ ಹಿಡಿದು ಎತ್ತಿಕೊಳ್ಳಬೇಕು. ತಿಕ್ಕಿ ತೊಳೆಯಬಾರದು. ಒಂದು ಲೋಟ ತಣ್ಣಗಿನ ಹಾಲಿನಲ್ಲಿ ಹಾಕಿಕೊಂಡು ಕೂಡಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು. ಬೇಗ ಹೋದರೆ ಅದನ್ನು ಮತ್ತೆ ಕೂಡಿಸಲು ಆಗುತ್ತದೆ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬ ಯೋಜನೆ ಇದೆ. ಅದರ ಡಾಕ್ಟರುಗಳು ಶಾಲೆಗೆ, ಅಂಗನವಾಡಿಗೆ ಬಂದಾಗ ನಾಚಿಕೆಪಡದೆ ಬಾಯಿ ಅಗಲ ತೆಗೆದು ತೋರಿಸಿ. ಕಲೆ ಇದೆ ಎಂದು ಬಾಯಿ ಮುಚ್ಚಿಕೊಂಡರೆ ಒಳಗಿನ ಹುಳುಕೂ ಮುಚ್ಚಿಹೋಗುತ್ತದೆ.

9. ತಮ್ಮ ತಂಗಿಯರ ನೀರು

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು ಇದೇ. ನನ್ನ ಹಲ್ಲು ತಯಾರಾಗಿ ಹೋಗಿವೆ, ಅವನ್ನು ಬದಲಿಸಲು ಬರುವುದಿಲ್ಲ. ಆದರೆ ನನ್ನ ತಮ್ಮನಿಗೆ ಮೂರು ವರ್ಷ. ಅವನ ಹಾಲು ಹಲ್ಲು ಬೆಳ್ಳಗೆ ಇವೆ. ಅವನ ಶಾಶ್ವತ ಹಲ್ಲುಗಳು ಒಸಡಿನ ಒಳಗೆ ಈಗ ತಯಾರಾಗುತ್ತಿವೆ. ಅವು ಹೇಗೆ ಬರಬೇಕು ಎನ್ನುವುದು ಅವನು ಇಂದು ಕುಡಿಯುವ ನೀರಿನ ಮೇಲೆ ನಿಂತಿದೆ. ನಿಮ್ಮ ಮನೆಯಲ್ಲಿಯೂ 8 ವರ್ಷದ ಒಳಗಿನವರು ಇದ್ದರೆ ಈ ಕೆಳಗಿನವುಗಳನ್ನು ಮಾಡಿರಿ.

ಒಂದು: ನೀರನ್ನು ಪರೀಕ್ಷೆ ಮಾಡಿಸಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ನೀರು ಪರೀಕ್ಷಿಸುವ ಕಿಟ್‌ಗಳನ್ನು ಹಳ್ಳಿಗಳಿಗೆ ಕೊಟ್ಟು ಮಹಿಳೆಯರಿಗೆ ತರಬೇತಿ ಕೊಟ್ಟಿದ್ದಾರೆ. ನೀರಿಗೆ ಔಷಧ ಹಾಕಿದಾಗ ಬರುವ ಬಣ್ಣವನ್ನು ಬಣ್ಣದ ಪಟ್ಟಿಗೆ ಹೋಲಿಸಿ ಫ್ಲೋರೈಡ್ ಎಷ್ಟಿದೆ ಎಂದು ಹೇಳುತ್ತಾರೆ. ಗ್ರಾಮ ಪಂಚಾಯ್ತಿಯಲ್ಲಿ ಕೇಳಬೇಕು.

ಎರಡು: ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕಾಸಿದಾಗ ರೋಗಾಣು ಸಾಯುತ್ತವೆ, ಅದು ಒಳ್ಳೆಯದೇ. ಆದರೆ ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ಮೂರು: ಶುದ್ಧ ನೀರಿನ ಘಟಕದ ನೀರು, ನಲ್ಲಿಗೆ ಬರುವ ನದಿ ನೀರು, ಸ್ವಚ್ಛವಾಗಿ ಹಿಡಿದು ಕಾಸಿ ಆರಿಸಿದ ಮಳೆ ನೀರು, ಇವುಗಳಲ್ಲಿ ಸಿಕ್ಕಿದ್ದನ್ನು ಸಣ್ಣವರಿಗೆ ಮೊದಲು ಕೊಡಿ. ಮಲಪ್ರಭಾ ನದಿಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ಕಾಲುವೆ ನಮ್ಮ ಭಾಗಕ್ಕೆ ಬರುತ್ತದೆ. ಕಾಲುವೆಯ ನೀರನ್ನು ಮಾತ್ರ ಶುದ್ಧ ಮಾಡದೆ ನೇರವಾಗಿ ಕುಡಿಯಬಾರದು.

ನಾಲ್ಕು: ಅಡಿಗೆಗೂ ಅದೇ ನೀರು ಬಳಸಬೇಕು. ನಮ್ಮ ಮನೆಯಲ್ಲಿ ಕುಡಿಯಲು ಘಟಕದ ನೀರು ತಂದು, ಬ್ಯಾಳಿ, ಅನ್ನಕ್ಕೆ ಬೋರಿನ ನೀರು ಹಾಕುತ್ತಿದ್ದರು. ಬೋರಿನ ನೀರಿನ ಫ್ಲೋರೈಡ್ ಬ್ಯಾಳಿಯ ಜೊತೆ ಹೊಟ್ಟೆಗೆ ಹೋಗುತ್ತದೆ. ನಾನು ಅವ್ವಗೆ ಹೇಳಿದೆ. ಮೊದಲು, "ಒಂದು ಕೊಡ ತರೋದ ಸಾಕಾಗೈತಿ" ಅಂದಳು. ಈಗ ನಾನೂ ಶಾಲೆ ಬಿಟ್ಟ ಮೇಲೆ ಒಂದು ಕೊಡ ತರುತ್ತೇನೆ. ತೊಳೆಯಲು, ಮೈಗೆ, ದನಗಳ ಮೈ ತೊಳೆಯಲು ಬೋರಿನ ನೀರು, ಒಲೆ ಮೇಲೆ ಇಡಲು ಘಟಕದ ನೀರು ಎಂದು ಬೇರೆ ಬೇರೆ ಕೊಡ ಇಟ್ಟಿದ್ದೇವೆ.

ಐದು: ಹೊಲಕ್ಕೆ ಹೋಗುವಾಗಲೂ ಬಾಟಲಿಯಲ್ಲಿ ಒಳ್ಳೆಯ ನೀರು ಒಯ್ಯಿರಿ.

ಆರು: ಸಣ್ಣ ಮಕ್ಕಳಿಗೆ ಚಹಾ ಕೊಡಬೇಡಿ. ಚಹಾದ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ. ಅದರ ಬದಲು ಹಾಲು, ಮಜ್ಜಿಗೆ ಕೊಡಿ. ಹಾಲು, ಸೊಪ್ಪು, ಎಳ್ಳಿನಲ್ಲಿ ಕ್ಯಾಲ್ಸಿಯಂ ಇದೆ. ನೆಲ್ಲಿಕಾಯಿ, ಪೇರಲದಲ್ಲಿ ಒಸಡಿಗೆ ಬೇಕಾದ 'ಸಿ' ಜೀವಸತ್ವ ಇದೆ.

10. ಕೊನೆಯ ಮಾತು

ಯಾರ ಹಲ್ಲಿನಲ್ಲಾದರೂ ಕಲೆ ಕಂಡರೆ ದಯವಿಟ್ಟು ನಗಬೇಡಿ. "ಹಲ್ಲು ತಿಕ್ಕಂಗಿಲ್ಲೇನು?" ಎಂದು ಕೇಳಬೇಡಿ. "ನಿಮ್ಮೂರಾಗ ಯಾವ ನೀರು ಕುಡಿತೀರಿ?" ಎಂದು ಕೇಳಿ. ಮೊದಲನೇ ಮಾತಿನಿಂದ ಒಬ್ಬರಿಗೆ ನಾಚಿಕೆಯಾಗುತ್ತದೆ ಅಷ್ಟೇ. ಎರಡನೇ ಮಾತಿನಿಂದ ಅವರ ತಮ್ಮ ತಂಗಿಯರ ಹಲ್ಲು ಉಳಿಯಬಹುದು. ಮುಂದಿನ ಸಲ ಭಾಷಣಕ್ಕೆ ಕರೆದರೆ ನಾನು ಬಾಯಿ ಮುಚ್ಚಿಕೊಳ್ಳದೆ ಇದೇ ವಿಷಯದ ಮೇಲೆ ಮಾತಾಡುತ್ತೇನೆ.

ಉತ್ತರ ಹೇಳಿರಿ ನೋಡೋಣ (ಉತ್ತರಗಳು ಪಾಠದಲ್ಲೇ ಇವೆ)

1. ನಿಮ್ಮ ಬಾಯಿಯಲ್ಲಿ ಈಗ ಎಷ್ಟು ಹಲ್ಲು ಇವೆ? ಎಣಿಸಿ ಬರೆಯಿರಿ.
2. ಯಾವ ಶಾಶ್ವತ ಹಲ್ಲು ಹಾಲು ಹಲ್ಲು ಬೀಳದೆಯೇ ಬರುತ್ತದೆ?
3. ನೀರಿನ ಕಲೆಗೂ ಕಿಟ್ಟಕ್ಕೂ ಇರುವ ಎರಡು ವ್ಯತ್ಯಾಸಗಳನ್ನು ಹೇಳಿ.
4. ಕಾಸಿದರೆ ನೀರಿನ ಫ್ಲೋರೈಡ್ ಯಾಕೆ ಕಡಿಮೆಯಾಗುವುದಿಲ್ಲ?
5. ನಿಮ್ಮ ಮನೆಯಲ್ಲಿ ಬ್ಯಾಳಿ ಯಾವ ನೀರಿನಲ್ಲಿ ಬೇಯುತ್ತದೆ? ಇಂದು ಮನೆಗೆ ಹೋಗಿ ಅವ್ವನ್ನ ಕೇಳಿಕೊಂಡು ಬನ್ನಿ.

– ಏಳನೇ ತರಗತಿ ವಿದ್ಯಾರ್ಥಿನಿ